ಉಪ್ಪು ನೋಡದ ಭಟ್ರು

ತಾವು ಮಾಡಿದ ಅಡಿಗೆಯ ರುಚಿಯನ್ನು ಅವರು ಬಡಿಸುವ ಮೊದಲು ಎಂದೂ ನೋಡಿದವರಲ್ಲ. ಜೀವಮಾನವಿಡೀ ಅಡಿಗೆ ಮಾಡಿಯೇ ಸಂಸಾರ ಸಾಕಿದ ಮನುಷ್ಯನ ಬಗ್ಗೆ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನಾನು ಕಣ್ಣಾರೆ ಕಂಡಿದ್ದೇನೆ. ಚಿಕ್ಕಂದಿನಲ್ಲಿ ದೇವಸ್ಥಾನದ ಪಾಕಶಾಲೆಯಲ್ಲಿ ಕಲಿತವರು ಅವರು. ಅಲ್ಲಿ ನೈವೇದ್ಯಕ್ಕೆ ಮೊದಲು ಏನನ್ನೂ ನಾಲಿಗೆಗೆ ತಾಗಿಸುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವೂ ಕೈಯ ಅಂದಾಜು, ಮೂಗಿನ ಅಂದಾಜು. ಆ ಕಟ್ಟಳೆಯನ್ನು ಕಡಲು ದಾಟಿಸಿ ಕುವೈತಿಗೆ ತಂದು, ಅಹ್ಮದಿಯ ಒಬ್ಬ ಡಚ್ ಎಂಜಿನಿಯರರ ಅಡಿಗೆಮನೆಯಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರೆಂದು ಊರಿನಿಂದ ಫೋನ್ ಬಂತು. ನಾನು ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರಿಗೆ ಇವತ್ತಿಗೂ ಅವರು ಕಂಪೆನಿಯ ಸಸ್ಯಾಹಾರಿ ಕ್ಯಾಂಟೀನಿನಲ್ಲಿ ಇದ್ದರೆಂದೇ ನಂಬಿಕೆ. ಹಾಗೆಂದು ಭಟ್ರು ಸುಳ್ಳು ಹೇಳಿದ್ದರು ಅಂದುಕೊಳ್ಳಬೇಡಿ. ಸುಳ್ಳು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. "ಕಂಪೆನಿಯವರಿಗೆ ಅಡಿಗೆ" ಎಂದು ಒಮ್ಮೆ ಹೇಳಿದ್ದರು. ಉಳಿದದ್ದನ್ನು ಮನೆಯವರೇ ಸೇರಿಸಿಕೊಂಡರು, ಇವರು ತಿದ್ದಲು ಹೋಗಲಿಲ್ಲ, ಅಷ್ಟೇ. ಈಗ ನಾನು ತಿದ್ದುವುದು ಬೇಡ.

ಆ ಡಚ್ಚರ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಪನ್ನೆಕೂಕು. ಹಾಲೆಂಡಿನವರ ದೋಸೆ ಅನ್ನಿ. ಮೈದಾ, ಹಾಲು, ಮೊಟ್ಟೆ, ಚಿಟಿಕೆ ಉಪ್ಪು. ಅರೆಯುವ, ಹುಳಿ ಬರಿಸುವ ಗೋಜೇ ಇಲ್ಲ. ಊಟದ ತಟ್ಟೆಯಷ್ಟು ಅಗಲ, ನಮ್ಮ ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ಮೆದು. ಸೇಬಿನ ಬಿಲ್ಲೆಗಳನ್ನು ಹಿಟ್ಟಿನೊಳಗೇ ಹುದುಗಿಸಿ ಬೇಯಿಸುವುದುಂಟು, ತೆಳ್ಳಗಿನ ಮಾಂಸದ ಪಟ್ಟಿಗಳನ್ನು ಹುದುಗಿಸುವುದೂ ಉಂಟು. ಮೇಲೆ ಕಪ್ಪಗಿನ ಒಂದು ಪಾಕ, ಥೇಟ್ ನಮ್ಮ ಜೋನಿ ಬೆಲ್ಲ. ಸುರುಳಿ ಸುತ್ತಿ ಕತ್ತರಿಸಿ ತಿನ್ನುವುದು. ಜೊತೆಗೆ ಬೇರೆ ಊಟವಿಲ್ಲ, ಅದೇ ಊಟ. ಒಂದರ ಮೇಲೊಂದು ಪೇರಿಸಿಟ್ಟುಕೊಂಡು ಹೊಟ್ಟೆ ಬಿರಿಯುವ ತನಕ ತಿನ್ನುತ್ತಾರೆ ಪುಣ್ಯಾತ್ಮರು.

ಮಾಂಸ ಯಾವುದರದ್ದು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಉದ್ದನೆಯ ಇಕ್ಕುಳದಲ್ಲಿ ಹಿಡಿದು ಕಾವಲಿಗೆ ಹಾಕಿ, ತಲೆ ಒಂದು ಕಡೆ ವಾಲಿಸಿ, ಕಿವಿಗೊಟ್ಟು ನಿಲ್ಲುತ್ತಿದ್ದದ್ದನ್ನು ನಮ್ಮ ಮನೆಗೆ ಬಂದಾಗ ಅಭಿನಯಿಸಿ ತೋರಿಸುವರು. "ಶಬ್ದ ಸಣ್ಣ ಆದ ಕೂಡ್ಲೆ ಬೆಂದಿತು ಅಂತ ಲೆಕ್ಕ ಅಕ್ಕಾ. ತಿಂದು ನೋಡ್ಬೇಕು ಅಂತ ಎಂತ ಉಂಟು?" ಎನ್ನುವರು. ಆ ಮನೆಯ ಮೇಡಂ ಹೊಗಳಿದರೆ ಅವರ ಉತ್ತರ ಒಂದೇ: "ಆಗ್ಲೇಬೇಕಲ್ಲ." ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಿದ್ದರೋ ದೇವರೇ ಬಲ್ಲ. ಹೇಗಾಗಿದೆ ಎಂದು ಅವರು ಯಾರನ್ನೂ ಕೇಳಿದ್ದು ನಾನು ಕಂಡಿಲ್ಲ. ಕೇಳುವುದೆಂದರೆ ಕೈಗೆ ಅವಮಾನ ಎಂಬಂತಿತ್ತು.

ನಾವಿದ್ದದ್ದು ಫಹಾಹೀಲಿನಲ್ಲಿ, ಮೂರನೆಯ ಮಾಳಿಗೆಯ ಎರಡು ಕೋಣೆಯ ಫ್ಲ್ಯಾಟು. ನಮ್ಮವರಿಗೆ ಶುಐಬಾದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಮಗಳಿಗೆ ಆರು ವರ್ಷ. ಶುಕ್ರವಾರ ಭಟ್ರಿಗೆ ರಜೆ. ಊರ ಕಡೆಯವರೆಂಬ ಸಲಿಗೆಯಲ್ಲಿ ಅಹ್ಮದಿಯಿಂದ ಬಸ್ಸಿನಲ್ಲಿ, ಕೈಯಲ್ಲಿ ಕೊಡೆ ಹಿಡಿದು ನಮ್ಮಲ್ಲಿಗೆ ಬರುವರು. ಮಳೆಯೇ ಬಾರದ ಊರಿನಲ್ಲಿ ಕೊಡೆ ಹಿಡಿದು ನಡೆಯುವ ಒಬ್ಬನೇ ಮನುಷ್ಯ ಎಂದು ನಾನು ನಗಾಡುತ್ತಿದ್ದೆ. "ಬಿಸಿಲಿಗೆ ಎಂತ ಕೊಡೆ ಬೇಡ್ವಾ?" ಎಂದು ಅವರ ಮರುಪ್ರಶ್ನೆ. ಬಂದವರೇ ನನ್ನನ್ನು ಅಡಿಗೆಮನೆಯಿಂದ ಹೊರಗೆ ಹಾಕಿ, ಸಾರು, ಹುಳಿ, ಪಲ್ಯ ಮಾಡಿ, ನಮಗೆಲ್ಲ ಬಡಿಸಿ, ಕೊನೆಗೆ ತಾವು ಉಣ್ಣುವರು.

ಭಟ್ರ ಬಾಯಲ್ಲಿ ಕೇಳಿ ಕೇಳಿ ಒಮ್ಮೆ ಮಗಳು ಹಟ ಹಿಡಿದಳು. ಅವಳಿಗೆ ಪನ್ನೆಕೂಕೇ ಬೇಕು. ನಮ್ಮ ಮನೆಗೆ ಮೊಟ್ಟೆ ಬರುತ್ತಿತ್ತು. ಊರಲ್ಲಿ ಅತ್ತೆಗೆ ಗೊತ್ತಿರಲಿಲ್ಲ. ಒಟ್ಟಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕ್ಯಾಂಟೀನು. ಭಟ್ರು ಹಿಟ್ಟು ಕಲಸಿಕೊಟ್ಟು, "ಹುಯ್ಯಿರಿ ಅಕ್ಕಾ, ನೋಡುವ" ಎಂದರು. ನಾನು ಹುಯ್ದು, ಜನ್ಮಾಭ್ಯಾಸದಂತೆ ಸೌಟಿನ ತಳದಿಂದ ಗರಗರನೆ ತಿರುವಿದೆ. ಹಿಟ್ಟು ಮುದ್ದೆಯಾಗಿ ಸೌಟಿಗೇ ಅಂಟಿ ಮೇಲೆದ್ದು ಬಂತು. ಭಟ್ರು ನಕ್ಕರೋ ನಕ್ಕರು.

"ನಾನೂ ಫಸ್ಟ್ ದಿವಸ ಹೀಗೇ ಮಾಡಿದ್ದು. ಮೇಡಂ ಬಂದು ಸೌಟು ಕಿತ್ತುಕೊಂಡ್ರು. ದೋಸೆಗೆ ಕೈ ತಿರುಗ್ಬೇಕು, ಇದಕ್ಕೆ ಕಾವಲಿಯೇ ತಿರುಗ್ಬೇಕು. ಹೀಗೆ, ಹೀಗೆ, ಓರೆ ಮಾಡಿ, ಇನ್ನೊಂದು ಸುತ್ತು. ಹಾಂ! ಅದಾಗಿಯೇ ಹೋಗ್ತದೆ."

ಮಗಳು ನಾಲ್ಕು ತಿಂದು "ಒನ್ ಮೋರ್, ಭಟ್ ಅಂಕಲ್" ಎಂದಳು. ನಾನು ಒಂದು ತುಂಡು ಸುರುಳಿ ಸುತ್ತಿ ಅವರ ಮುಂದೆ ಹಿಡಿದೆ. "ಮೊಟ್ಟೆ ಉಂಟಲ್ಲ ಅಕ್ಕಾ" ಎಂದು ಕೈಯಾಡಿಸಿ ಸಾರಿನ ಪಾತ್ರೆಯ ಕಡೆ ತಿರುಗಿದರು. ಸಾವಿರಾರು ಪನ್ನೆಕೂಕು ಹುಯ್ದ ಆ ಕೈ ಒಂದನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ತೊಂಬತ್ತರ ಜುಲೈಯಲ್ಲಿ ಮೇಡಂ ಮತ್ತು ಅವರ ಗಂಡ ರಜೆಗೆಂದು ಹಾಲೆಂಡಿಗೆ ಹೋದರು. ಕೀಲಿಕೈ ಭಟ್ರ ಕೈಯಲ್ಲಿ. ಆಗಸ್ಟ್ ಮೊದಲ ವಾರ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಇರಾಕಿನ ಟ್ಯಾಂಕುಗಳು ನಮ್ಮ ಬೀದಿಯಲ್ಲೇ ನಿಂತಿದ್ದವು. ಐದನೆಯ ದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಭಟ್ರು. ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ, ಅಹ್ಮದಿಯಿಂದ ನಡೆದೇ ಬಂದಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಚೀಲದೊಳಗೆ ಮೈದಾ, ಹಾಲಿನ ಪುಡಿಯ ಡಬ್ಬಿ, ಎರಡು ಪಂಚೆ. ಎಲ್ಲಕ್ಕಿಂತ ಕೆಳಗೆ, ಹಳೆಯ ಟವೆಲಿನಲ್ಲಿ ಸುತ್ತಿದ, ಉದ್ದ ಹಿಡಿಯ ಕರಿ ಕಬ್ಬಿಣದ ಕಾವಲಿ.

"ಆಚೆ ಈಚೆ ಮನೆಗೆಲ್ಲ ನುಗ್ಗಿದ್ದಾರೆ ಅಕ್ಕಾ. ಫ್ರಿಜ್ಜು, ಟಿ.ವಿ. ಎಲ್ಲ ಲಾರಿಗೆ ತುಂಬಿಸ್ತಾ ಇದ್ದಾರೆ. ಆ ಮನೆಯೂ ಇನ್ನು ಖಲಾಸ್."

"ಅಲ್ಲ ಭಟ್ರೇ, ಅಷ್ಟು ದೊಡ್ಡ ಬಂಗಲೆಯಲ್ಲಿ ನಿಮಗೆ ಹೊತ್ತುಕೊಂಡು ಬರಲಿಕ್ಕೆ ಈ ಕಾವಲಿಯೇ ಸಿಕ್ಕಿದ್ದಾ?"

"ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಕ್ತದೆ. ಇದು ಮೇಡಂನ ಅಜ್ಜಿಯದ್ದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವರಿಗೆ. ಸಾಬೂನು ಸೋಕಿಸ್ಲಿಕ್ಕೆ ಬಿಡುದಿಲ್ಲ, ತಾವೇ ಕಾಗದದಲ್ಲಿ ಒರೆಸಿಡುದು. ಅವರ ಕೈಗೇ ಕೊಡ್ಬೇಕು ನಾನು."

ಕನ್ನಡಿಯ ಹಾಗೆ ಮಿರಿಮಿರಿ ಹೊಳೆಯುತ್ತಿತ್ತು ಅದು. ಮೂರು ತಲೆಮಾರಿನ ಎಣ್ಣೆ, ಬೆಣ್ಣೆ, ಕೊಬ್ಬು ಕುಡಿದ ಹೊಳಪು. ನಾನಾಗ ಅದನ್ನು ಬರೀ ಮಸಿ ಅಂದುಕೊಂಡಿದ್ದೆ. ನನ್ನ ತಪ್ಪಿನ ಬೀಜ ಅಲ್ಲೇ ಬಿತ್ತು ಎನ್ನಬೇಕು.

ಸೆಪ್ಟೆಂಬರಿನಲ್ಲಿ ಬಸ್ಸು ಹಿಡಿದು ಹೊರಟೆವು. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ದಾರಿಯ ಒಂದು ಚೆಕ್‌ಪೋಸ್ಟಿನಲ್ಲಿ ಸೈನಿಕನೊಬ್ಬ ಭಟ್ರ ಚೀಲ ಬಿಚ್ಚಿ ಕಾವಲಿಯನ್ನು ಹೊರಗೆಳೆದ. ಇದೇನು ಎಂದು ಕಣ್ಣಲ್ಲೇ ಕೇಳಿದ. ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಭಟ್ರು ಮಾತ್ರ ಅವನ ಕೈಯಿಂದಲೇ ಕಾವಲಿ ತೆಗೆದುಕೊಂಡು, ಇಲ್ಲದ ಹಿಟ್ಟು ಹುಯ್ದು, ಓರೆ ಮಾಡಿ ಒಂದು ಸುತ್ತು ತಿರುಗಿಸಿ, ಮಗುಚಿ, ಅವನ ಮುಂದೆ ಹಿಡಿದು "ಯಲ್ಲಾ, ತಿನ್ನು" ಎಂದರು. ಅವನೂ ಎಲ್ಲೋ ತಾಯಿ ಮಾಡಿದ್ದು ತಿಂದವನೇ ತಾನೆ, ನಕ್ಕುಬಿಟ್ಟ. ಬಸ್ಸು ಮುಂದೆ ಹೋಯಿತು.

ಗಡಿಯಲ್ಲಿ ಡೇರೆಗಳ ಕೆಳಗೆ ಹನ್ನೊಂದು ದಿನ. ಬ್ರೆಡ್ಡಿನ ಲಾರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ದಿನ ಹಿಟ್ಟಿನ ಮೂಟೆ ಹಂಚಿದರು. ಹಿಟ್ಟೇನೋ ಸಿಕ್ಕಿತು, ಲಟ್ಟಣಿಗೆ ಎಲ್ಲಿಂದ ತರುವುದು? ಪಾತ್ರೆ ಯಾರ ಹತ್ತಿರ ಉಂಟು? ಜನ ಹಿಟ್ಟು ಮಡಿಲಲ್ಲಿ ಇಟ್ಟುಕೊಂಡು ಮುಖ ಮುಖ ನೋಡುತ್ತಿದ್ದಾಗ ಭಟ್ರು ಮೂರು ಕಲ್ಲಿಟ್ಟು, ರಟ್ಟಿನ ಪೆಟ್ಟಿಗೆ ಹರಿದು ಬೆಂಕಿ ಹಾಕಿದರು. ಮೊಟ್ಟೆಯಿಲ್ಲ, ಹಾಲಿನ ಪುಡಿ ಡಬ್ಬಿಯ ತಳದಲ್ಲಿ ಒಂದಿಷ್ಟು, ಆ ಡಬ್ಬಿಯಲ್ಲೇ ಹಿಟ್ಟು ಕಲಸಿದರು. ಆದರೂ ಆ ಕಾವಲಿಯಿಂದ ಒಂದೊಂದೂ ಹೂವಿನ ಹಾಗೆ ಎದ್ದು ಬರುತ್ತಿತ್ತು. ಸಾಲು ನಿಂತಿತು. ಮಕ್ಕಳಿಗೆ ಮೊದಲು, ಆಮೇಲೆ ಹೆಂಗಸರಿಗೆ. ಅಂಗಡಿಯವರು, ಡ್ರೈವರುಗಳು, ನರ್ಸುಗಳು, ಎಲ್ಲರೂ ಅಂಗೈಯಲ್ಲೇ ಹಿಡಿದು ತಿಂದರು. ಮೂರು ದಿನದಿಂದ ಸರಿಯಾಗಿ ತಿನ್ನದಿದ್ದ ನನ್ನ ಮಗಳು "ಒನ್ ಮೋರ್" ಎಂದಳು. ಆ ಎರಡು ಶಬ್ದ ಕೇಳಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಭಟ್ರು ಅವತ್ತೂ ಒಣ ಬ್ರೆಡ್ಡನ್ನೇ ನೀರಿನಲ್ಲಿ ಅದ್ದಿಕೊಂಡು ತಿಂದರು. ಮಾಂಸ ಬೆಂದ ಕಾವಲಿಯಲ್ಲವೇ?

"ಆಪತ್ಕಾಲಕ್ಕೆ ಎಂತ ದೋಷವೂ ಇಲ್ಲ ಭಟ್ರೇ" ಎಂದು ನಮ್ಮವರು ಬೈದೇ ಬೈದರು.

"ನಿಮಗೆ ಆಪತ್ತು ಸಾರ್. ನನಗೆ ಕೆಲಸ ಉಂಟಲ್ಲ" ಎಂದರು ಭಟ್ರು.

ಕೊನೆಗೂ ವಿಮಾನ ಸಿಕ್ಕಿ ದೇಶ ಸೇರಿದ ಮೇಲೆ, ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ದಾರಿ ಬೇರೆಯಾಯಿತು. ಅಲ್ಲಿ ಭಟ್ರು ಟವೆಲಿನ ಗಂಟನ್ನು ನನ್ನ ಕೈಗಿಟ್ಟರು. "ಮನೆಯಲ್ಲಿ ಇವಳು ಎಂತದು ಇದು ಅಂತ ಕೇಳ್ತಾಳೆ ಅಕ್ಕಾ. ಕೇಳಿದ್ರೆ ಸುಳ್ಳು ಹೇಳ್ಬೇಕಾಗ್ತದೆ. ನನಗೆ ಅದು ಬರುದಿಲ್ಲ. ನಿಮ್ಮಲ್ಲಿ ಇರ್ಲಿ, ವಾಪಸು ಹೋಗುವಾಗ ತಕ್ಕೊಂಡು ಹೋಗ್ತೇನೆ."

ಸುಳ್ಳು ನನಗೇನೋ ಚೆನ್ನಾಗಿ ಬರುತ್ತದೆ, ಆದರೆ ಅತ್ತೆಯ ಮುಂದೆ ಬರುವುದಿಲ್ಲ. ಉಡುಪಿಯ ಹತ್ತಿರದ ಅವರ ಮನೆಗೆ ಕಾಲಿಟ್ಟ ದಿನವೇ ಎಲ್ಲ ಒಪ್ಪಿಸಿಬಿಟ್ಟೆ. "ಹಾಗಾದ್ರೆ ಸೌದೆ ಕೊಟ್ಟಿಗೆಯಲ್ಲಿ ಇರ್ಲಿ ಮಾರಾಯ್ತಿ, ಒಳಗೆ ತರ್ಬೇಡ" ಎಂದರು ಅತ್ತೆ, ಕೋಪವಿಲ್ಲದೆ. ಕಾವಲಿ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಬಿತ್ತು. ದಿನಾ ಸೌದೆಗೆ ಹೋದಾಗ ನನ್ನ ಕಣ್ಣಿಗೆ ಬೀಳುತ್ತಿತ್ತು. ಮರುಭೂಮಿಯಲ್ಲಿ ನನ್ನ ಮಗುವಿನ ಹೊಟ್ಟೆ ತುಂಬಿಸಿದ್ದು ಹೀಗೆ ಹೊರಗೆ ಬಿದ್ದಿದೆಯಲ್ಲ ಎನಿಸುತ್ತಿತ್ತು.

ಒಂದು ದಿನ ಅತ್ತೆ ನಾದಿನಿಯ ಮನೆಗೆ ಹೋಗಿದ್ದರು. ನನಗೆ ಬುದ್ಧಿ ಬಂತು ಎನ್ನಲೋ, ಕೆಟ್ಟಿತು ಎನ್ನಲೋ. ಬೆಂಕಿ ಮುಟ್ಟಿದ್ದಕ್ಕೆ ಮೈಲಿಗೆ ಇಲ್ಲ ಅಲ್ಲವೇ? ಬಚ್ಚಲ ಒಲೆಗೆ ತೆಂಗಿನ ಗೆರಟೆ ತುಂಬಿ, ಕಾವಲಿಯನ್ನು ನಡುವೆ ಇಟ್ಟು, ಕೆಂಪಗೆ ಕೆಂಡದ ಬಣ್ಣ ಬರುವ ತನಕ ಸುಟ್ಟೆ. ತಣಿದ ಮೇಲೆ ಹುಣಿಸೆಹುಳಿ, ಬೂದಿ ಹಾಕಿ ಉಜ್ಜಿದೆ. ಅಜ್ಜಿ, ಅಮ್ಮ, ಮಗಳು ಮೂವರ 'ಮಸಿ'ಯೂ ತೊಳೆದುಹೋಯಿತು. ಬೆಳ್ಳಿಯ ಹಾಗಾಯಿತೆಂದು ಹೆಮ್ಮೆಯಿಂದ ಒಳಗೆ ತಂದು ಹಿಟ್ಟು ಹುಯ್ದೆ. ಅಂಟಿತು ನೋಡಿ, ಸಟ್ಟುಗದಿಂದ ಕೆತ್ತಿದರೂ ಬಿಡಲಿಲ್ಲ. ಸಂಜೆಗೆ ಮೈಯೆಲ್ಲ ತುಕ್ಕು. ನಾನು ಕುವೈತಿನಲ್ಲಿ ಇದ್ದಷ್ಟು ಕಾಲವೂ ನಾನ್‌ಸ್ಟಿಕ್ ಸಂಸಾರ ಮಾಡಿದವಳು, ಕಬ್ಬಿಣದ ಸ್ವಭಾವ ಮರೆತೇ ಹೋಗಿತ್ತು.

ಮರುದಿನ ಬಂದ ಅತ್ತೆ ತಲೆ ಚಚ್ಚಿಕೊಂಡರು. "ಕಾವಲಿಯನ್ನು ಯಾರಾದ್ರೂ ಸುಡ್ತಾರಾ ಮಾರಾಯ್ತಿ? ಮೈಲಿಗೆಯಾದ್ರೂ ಅಡ್ಡಿಯಿರ್ಲಿಲ್ಲ, ಕೊಟ್ಟಿಗೆಯಲ್ಲಿ ಸುಖವಾಗಿ ಇತ್ತು."

ಭಟ್ರಿಗೆ ಬರೆಯುವ ಧೈರ್ಯ ನನಗಾಗಲಿಲ್ಲ. ಯುದ್ಧ ಮುಗಿಯಿತು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಭಟ್ರೇ ಬಂದರು, ಕೊಡೆಯ ಜೊತೆಗೆ, ನಗುತ್ತಾ. ಹಾಲೆಂಡಿನಿಂದ ಕಾಗದ ಬಂದಿತ್ತು. ಕಂಪೆನಿ ಯಜಮಾನರನ್ನು ವಾಪಸು ಕರೆದಿದೆ, ಭಟ್ರಿಗೂ ವೀಸಾ ಮಾಡಿಸುತ್ತಾರೆ. ಮನೆ ಲೂಟಿಯಾದ ಸುದ್ದಿ ಮೇಡಂಗೆ ತಲುಪಿದೆ. ಅದಕ್ಕೆ ಒಂದು ಸಾಲು, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ: ನನ್ನ ಅಜ್ಜಿಯ ಕಾವಲಿ ಏನಾದರೂ ಉಳಿದಿದೆಯೇ?

"ಉಂಟು, ಚೆಂದ ಉಂಟು, ನಿಮ್ಮ ಕೈಗೇ ಕೊಡ್ತೇನೆ ಅಂತ ಆಗ್ಲೇ ಬರೆದಾಯ್ತು ಅಕ್ಕಾ" ಎಂದರು ಭಟ್ರು.

ನಾನು ತುಕ್ಕಿನ ಕಾವಲಿ ತಂದು ಅವರ ಮುಂದಿಟ್ಟೆ. ಭಟ್ರು ನೋಡಿದರು. ಬೆರಳಿನಿಂದ ಒಮ್ಮೆ ಸವರಿದರು. ಜಗಲಿಯಲ್ಲಿ ಹಾಗೇ ಕುಳಿತುಬಿಟ್ಟರು. ಟ್ಯಾಂಕಿನ ಎದುರು ನಡೆದು ಬಂದವರ ಮುಖದಲ್ಲಿ ಆವತ್ತು ಮೊದಲ ಸಲ ಬಣ್ಣ ಇಳಿದದ್ದು ಕಂಡೆ.

"ಎಂತ ಮಾಡಿದ್ರಿ ಅಕ್ಕಾ ಇದು" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. ಭಟ್ರು ಎದ್ದು, ಪಂಚೆ ಮೇಲೆ ಕಟ್ಟಿ, "ಅಂಗಳದಲ್ಲಿ ಒಂದು ಒಲೆ ಹೂಡಿ. ಎಣ್ಣೆ ತನ್ನಿ" ಎಂದರು.

ಹದಿನಾರು ದಿನ. ದಿನಾ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ತೆಂಗಿನ ನಾರಿನಿಂದ ತುಕ್ಕು ತಿಕ್ಕುವುದು, ಎಣ್ಣೆ ತೆಳ್ಳಗೆ ಸವರುವುದು, ಕಾಯಿಸುವುದು, ತಣಿಸುವುದು, ಮತ್ತೆ ಸವರುವುದು. "ದಪ್ಪ ಹಚ್ಚಿದ್ರೆ ಅಂಟು ಬರ್ತದೆ. ಅವಸರ ಮಾಡ್ಬಾರ್ದು" ಎಂದು ತಮಗೆ ತಾವೇ ಹೇಳಿಕೊಳ್ಳುವರು. ಅತ್ತೆ ಮೊದಲೆರಡು ದಿನ ಕಿಟಕಿಯಿಂದ ನೋಡಿದರು, ಮೂರನೆಯ ದಿನ ಅಂಗಳಕ್ಕೇ ಇಳಿದರು. "ಬಟ್ಟೆಯಲ್ಲಿ ಅಲ್ಲ ಭಟ್ರೇ, ಬಾಳೆ ಎಲೆಯ ದಂಟಿನಲ್ಲಿ ಹಚ್ಚಿ. ಮಧ್ಯ ಮಧ್ಯ ನೀರುಳ್ಳಿ ತಿಕ್ಕಿ." ಇಬ್ಬರೂ ಸೇರಿ ಆ ಕಾವಲಿಗೆ ಬಾಣಂತನ ಮಾಡಿದರು. ನಾನು ಅಪರಾಧಿ, ಗೆರಟೆ ಹೊರುವ ಕೆಲಸ ನನ್ನದು. ಹುಯ್ದದ್ದೆಲ್ಲ ಹರಿದು ಚಿಂದಿಯಾಗಿ ಕಾಗೆಯ ಪಾಲಾಯಿತು. ಹನ್ನೊಂದನೆಯ ದಿನ ಒಂದು ಅರ್ಧ ಎದ್ದಿತು. ಹದಿನಾರನೆಯ ದಿನ ಭಟ್ರು ಹುಯ್ದು, ಓರೆ ಮಾಡಿ ತಿರುಗಿಸಿ, ಕಾದು, ಹಿಡಿ ಹಿಡಿದು ಒಂದು ಸಲ ಅಲುಗಿಸಿದರು. ಇಡೀ ದೋಸೆ ಕಾವಲಿಯ ಮೇಲೆ ಜಾರಿ ಆಡಿತು. "ಬಂತು!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

ಅತ್ತೆಯೇ ಮುಂದಿನ ಮಾತು ತೆಗೆದದ್ದು. "ಅಲ್ಲ ಭಟ್ರೇ, ಈ ಮಹಾರಾಯ್ತಿ ಸುಟ್ಟು ಶುದ್ಧ ಮಾಡಿ ಆಗಿದೆ. ನಮ್ಮ ಮನೆಯದ್ದೇ ಹಾಲು, ಮೊಟ್ಟೆಯೂ ಹಾಕಿಲ್ಲ. ಇನ್ನೆಂತ? ಒಂದು ತಿನ್ನಿ."

ಭಟ್ರು ಕೈಯಲ್ಲಿದ್ದ ಸಟ್ಟುಗವನ್ನೂ ಕಾವಲಿಯನ್ನೂ ನೋಡಿದರು. ವಾದ ಮಾಡಲು ಏನೂ ಉಳಿದಿರಲಿಲ್ಲ. ನಾನು ಬಾಳೆ ಎಲೆ ಹಾಕಿದೆ, ಜೋನಿ ಬೆಲ್ಲ ತಂದೆ. "ಸುರುವಿಗೆ ಬೆಲ್ಲ ಬೇಡ" ಎಂದು, ಒಂದು ಚೂರು ಮುರಿದು, ಬರಿದೇ ಬಾಯಿಗೆ ಹಾಕಿದರು. ಅಗಿದರು. ನಿಲ್ಲಿಸಿದರು. ಇನ್ನೊಂದು ಚೂರು ಹಾಕಿಕೊಂಡರು. ಅವರ ಮುಖ ನೋಡಿ ನನಗೆ ಗಾಬರಿಯಾಯಿತು.

"ಉಪ್ಪು ಕಮ್ಮಿ" ಎಂದರು ಭಟ್ರು.

ನಾವು ನಕ್ಕೆವು. ಅವರು ನಗಲಿಲ್ಲ. "ಆರು ವರ್ಷ ಅಕ್ಕಾ. ಇದೇ ಅಳತೆ. ಪಾಪ, ಮೇಡಂ ಒಂದು ದಿವಸ ಬಾಯಿ ಬಿಡ್ಲಿಲ್ಲ. ನಾನು ಆಗ್ಲೇಬೇಕಲ್ಲ ಅಂತ ಹೇಳ್ತಾ ಕೂತಿದ್ದೆ." ಅವರ ಕಣ್ಣು ತುಂಬಿತ್ತು. ಆ ಎಲೆಯಲ್ಲಿ ಅವರು ಐದು ಪನ್ನೆಕೂಕು ತಿಂದರು.

ನಾವು ಕುವೈತಿಗೆ ಮರಳಿದ್ದು ಆ ವರ್ಷದ ಕೊನೆಗೆ. ಅಹ್ಮದಿಯ ಗೋಡೆಗಳ ಮೇಲೆ ಇನ್ನೂ ಎಣ್ಣೆಬಾವಿಗಳ ಹೊಗೆಯ ಮಸಿ ಇತ್ತು. ಒಂದು ಗುರುವಾರ ಸಂಜೆ ಮೇಡಂ ನಮ್ಮನ್ನು ಊಟಕ್ಕೆ ಕರೆದರು. ಬೆಳ್ಳಗೆ ಎತ್ತರದ, ಜೋರು ನಗುವಿನ ಹೆಂಗಸು. ಲೂಟಿಯಾದ ಮನೆ, ಪ್ಲಾಸ್ಟಿಕ್ ಕುರ್ಚಿಗಳು. ಒಳಗೆ ಅಡಿಗೆಮನೆಯಲ್ಲಿ ಭಟ್ರು ಹುಯ್ಯುತ್ತಿದ್ದರು, ಸದ್ದು ಕೇಳುತ್ತಿತ್ತು.

"ಕಾವಲಿಗೆ ಈಗ ತೆಂಗಿನೆಣ್ಣೆಯ ವಾಸನೆ" ಎಂದರು ಮೇಡಂ ಇಂಗ್ಲಿಷಿನಲ್ಲಿ. "ಆಕಸ್ಮಾತ್ತಾಗಿ ತಾನೇ ಬೆಂಕಿಗೆ ಹಾಕಿಬಿಟ್ಟೆ ಎಂದು ಅವನು ನನ್ನ ಹತ್ತಿರ ಕ್ಷಮೆ ಕೇಳಿದ."

ಹೆಂಡತಿಗೆ ಒಂದು ಸುಳ್ಳು ಹೇಳಲಾರದೆ ಕಾವಲಿಯನ್ನು ನನ್ನ ಕೈಗೆ ಕೊಟ್ಟ ಮನುಷ್ಯ. ಅಂಥವರು ಈ ಸುಳ್ಳನ್ನು ನನಗೋಸ್ಕರ ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. "ಮೇಡಂ, ಸುಟ್ಟದ್ದು ನಾನು. ಅವರಲ್ಲ" ಎಂದೆ.

ಮೇಡಂ ನನ್ನ ಕೈ ಮೇಲೆ ಕೈಯಿಟ್ಟರು. "ಅವನಲ್ಲ ಎಂದು ನನಗೆ ಗೊತ್ತಿತ್ತು. ಆ ಕೈ ಕಾವಲಿ ಸುಡುವ ಕೈಯಲ್ಲ. ಯಾರೆಂದು ಕೇಳಿದರೆ ಅವನಿಗೆ ಕಷ್ಟವಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ."

ಅಷ್ಟರಲ್ಲಿ ಭಟ್ರು ಬಿಸಿ ಬಿಸಿ ಪನ್ನೆಕೂಕು ತಟ್ಟೆಯಲ್ಲಿಟ್ಟು ತಂದರು. ನಮ್ಮ ಮಾತು ಕಿವಿಗೆ ಬಿದ್ದಿತ್ತೋ ಇಲ್ಲವೋ, ಮುಖದಲ್ಲಿ ಏನೂ ತೋರಲಿಲ್ಲ. ತಟ್ಟೆಯನ್ನು ಮೇಡಂ ಮುಂದೆ ಇಡಲಿಲ್ಲ, ನನ್ನ ಮುಂದಿಟ್ಟರು. ಮೊಟ್ಟೆ ಹಾಕಿದ್ದು, ಅದನ್ನು ಭಟ್ರು ತಿಂದು ನೋಡುವಂತಿಲ್ಲ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದ ಮನುಷ್ಯ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದರು:

"ಉಪ್ಪು ನೋಡಿ ಹೇಳಿ ಅಕ್ಕಾ."

ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. "ಸರಿ ಉಂಟು ಭಟ್ರೇ" ಎಂದೆ.

"ಆಗ್ಲೇಬೇಕಲ್ಲ" ಎಂದು ಅವರು ಒಳಗೆ ಹೋದರು.